ಕುಕ್ಲಾ, ಫ್ರಾನ್, ಆಲಿ: ರೀಲು ಉಳಿದಿವೆ ಸರಿ, ಜನರಿಗೆ ತಲುಪಿಸುವುದು ಹೇಗೆ?

ಹಳೆಯ ಟಿವಿ ಕಾರ್ಯಕ್ರಮಗಳ ಮಾತು ಬಂದಾಗಲೆಲ್ಲ ಕೇಳುವುದು ಒಂದೇ ದೂರು: ಅಯ್ಯೋ, ಯಾರೂ ಉಳಿಸಿಕೊಳ್ಳಲಿಲ್ಲ. ಅಮೆರಿಕದ 'ಕುಕ್ಲಾ, ಫ್ರಾನ್ ಅಂಡ್ ಆಲಿ' ವಿಷಯದಲ್ಲಿ ಆ ದೂರು ಅರ್ಧಕ್ಕರ್ಧ ಮಾತ್ರ ನಿಜ. ಟಿವಿ ಅನ್ನುವ ಪೆಟ್ಟಿಗೆಯೇ ಹೊಸದಾಗಿದ್ದ ಕಾಲದ ಗೊಂಬೆ ಕಾರ್ಯಕ್ರಮ ಇದು. ಇದರ ಸುಮಾರು 700 ಫಿಲ್ಮ್ ಪ್ರತಿಗಳು ಶಿಕಾಗೋದಲ್ಲಿ ಉಳಿದಿವೆ ಅನ್ನುವುದು ಒಂದು ಅಂದಾಜು. ಆ ಕಾಲದ ಮಟ್ಟಿಗೆ ಇದು ದೊಡ್ಡ ಆಸ್ತಿ. ಆದರೂ ಕಾರ್ಯಕ್ರಮ ನಿಂತದ್ದು 1957ರಲ್ಲಿ, ಆ ಹಳೆಯ ಎಪಿಸೋಡ್‌ಗಳು ಡಿವಿಡಿಯಾಗಿ ಕೈಗೆ ಸಿಕ್ಕಿದ್ದು 2010ರ ಸುಮಾರಿಗೆ. ಅರ್ಧ ಶತಮಾನಕ್ಕಿಂತ ಜಾಸ್ತಿ. ನಂತರ ಇಂಟರ್‌ನೆಟ್‌ಗೂ ಬಂದವು, ಕಂತು ಕಂತಾಗಿ. ಡಬ್ಬಿಯಲ್ಲಿ ಇದ್ದದ್ದು ಆಚೆ ಬರಲು ಇಷ್ಟು ಕಾಲ ಯಾಕೆ ಬೇಕು? ಬಂದರೂ ಯಾವ ರೂಪದಲ್ಲಿ ಬರಬೇಕು? ನನಗೆ ಈ ಎರಡನೇ ಪ್ರಶ್ನೆಯೇ ಮುಖ್ಯ ಅನ್ನಿಸುತ್ತದೆ. ಇಂಥ ಕಾರ್ಯಕ್ರಮವನ್ನು ಆರಿಸಿ, ತೊಳೆದು, 'ಅತ್ಯುತ್ತಮ ಇಪ್ಪತ್ತು' ಅಂತ ಕೊಟ್ಟರೆ ಉಳಿಸಿದ್ದರ ಅರ್ಧ ಕಳೆದಂತೆ.

ಮೊದಲು ಕಾರ್ಯಕ್ರಮ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆಯವರಿಗೆ ಸೂತ್ರದ ಗೊಂಬೆ, ತೊಗಲು ಗೊಂಬೆ ಗೊತ್ತು. ಇಲ್ಲಿನವು ಕೈಗೆ ಚೀಲದ ಹಾಗೆ ತೊಡುವ ಗೊಂಬೆಗಳು. ಬರ್ ಟಿಲ್‌ಸ್ಟ್ರಾಮ್ ಅನ್ನುವ ಶಿಕಾಗೋ ಹುಡುಗ 1930ರ ದಶಕದಲ್ಲಿ ಕುಕ್ಲಾ ಅನ್ನುವ ಬೋಳು ತಲೆಯ, ದುಂಡು ಮೂಗಿನ ಗೊಂಬೆ ಮಾಡಿಕೊಂಡ. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಆರ್‌ಸಿಎ ಕಂಪನಿ ಜನರಿಗೆ ಟಿವಿ ಅಂದರೇನು ಅಂತ ತೋರಿಸುತ್ತಿದ್ದಾಗ ಕ್ಯಾಮೆರಾ ಮುಂದೆ ಇವನ ಗೊಂಬೆಗಳೂ ಇದ್ದವು. 1947ರ ಅಕ್ಟೋಬರ್ 13ರಂದು ಶಿಕಾಗೋದ ಡಬ್ಲ್ಯುಬಿಕೆಬಿ ಸ್ಟೇಷನ್‌ನಲ್ಲಿ 'ಜೂನಿಯರ್ ಜಾಂಬೊರಿ' ಅನ್ನುವ ಹೆಸರಲ್ಲಿ ಕಾರ್ಯಕ್ರಮ ಶುರುವಾಯಿತು. ಮರುವರ್ಷ ಹೆಸರೂ ಬದಲಾಯಿತು, ಸ್ಟೇಷನ್ನೂ ಬದಲಾಯಿತು, ಎನ್‌ಬಿಸಿ ಅನ್ನುವ ಟಿವಿ ನೆಟ್‌ವರ್ಕ್‌ಗೆ ಬಂತು. ದುಡ್ಡು ಹಾಕುತ್ತಿದ್ದದ್ದು ಅದೇ ಆರ್‌ಸಿಎ. ಟಿವಿ ಸೆಟ್ ಮಾರಬೇಕಾದರೆ ಟಿವಿಯಲ್ಲಿ ನೋಡುವಂಥದ್ದು ಏನಾದರೂ ಇರಬೇಕಲ್ವಾ?

ವೇದಿಕೆ ತುಂಬಾ ಸಾದಾ. ಒಂದು ಪುಟ್ಟ ಗೊಂಬೆಯಾಟದ ಮನೆ, ಅದರ ಮುಂದೆ ನಿಂತ ಫ್ರಾನ್ ಆಲಿಸನ್ ಅನ್ನುವ ಹೆಂಗಸು, ಒಳಗೆ ಕಾಣದಂತೆ ನಿಂತ ಟಿಲ್‌ಸ್ಟ್ರಾಮ್. ಎಲ್ಲ ಗೊಂಬೆಗಳ ಕೈ ಅವನದೇ, ದನಿಯೂ ಅವನದೇ. ಕುಕ್ಲಾ ಸಾಧು. ಆಲಿ ಒಂದೇ ಹಲ್ಲಿನ ಡ್ರ್ಯಾಗನ್, ಜಂಬದ ಮನುಷ್ಯ, ಸಾರಿ, ಜಂಬದ ಡ್ರ್ಯಾಗನ್. ಅಂಚೆ ಹಂಚುವ ಮೊಲ ಫ್ಲೆಚರ್, ಬ್ಯೂಲಾ ಅನ್ನುವ ಮಾಟಗಾತಿ, ಆಪೆರಾ ಹಾಡಿ ನಿವೃತ್ತಿಯಾದ ಮೇಡಂ ಓಗಲ್‌ಪುಸ್. ಸ್ಕ್ರಿಪ್ಟ್ ಇಲ್ಲ. ಇದು ಗಮನಿಸಬೇಕಾದ ವಿಷಯ. ಇವತ್ತು ಸುಮಾರಾಗಿ ಏನು ಮಾಡೋಣ ಅಂತ ಮಾತಾಡಿಕೊಂಡು, ಯಾವ ಹಾಡು ಅಂತ ಪಿಯಾನೋ ನುಡಿಸುವ ಜಾಕ್ ಫ್ಯಾಸಿನಾಟೋ ಜೊತೆ ಗೊತ್ತುಮಾಡಿಕೊಂಡು, ಆಮೇಲೆ ಅರ್ಧ ಗಂಟೆ ನೇರ ಪ್ರಸಾರದಲ್ಲಿ ಬಾಯಿಗೆ ಬಂದದ್ದನ್ನು ಮಾತಾಡುವುದು. ವಾರಕ್ಕೆ ಐದು ದಿನ. ಮಕ್ಕಳ ಕಾರ್ಯಕ್ರಮ ಅಂತ ಹೆಸರಿಗೆ ಇದ್ದರೂ ದೊಡ್ಡವರು ಕೂತು ನೋಡುತ್ತಿದ್ದರು, ಜಾನ್ ಸ್ಟೈನ್‌ಬೆಕ್, ಜೇಮ್ಸ್ ಥರ್ಬರ್ ಥರದ ಲೇಖಕರೂ ಅಭಿಮಾನಿಗಳಾಗಿದ್ದರು. ಬಿದ್ದು ನಗುವಂಥ ಜೋಕು ಕಡಿಮೆ. ಒಂದು ಜಗಲಿಯ ಮೇಲೆ ದಿನಾ ಸಂಜೆ ಅದೇ ನಾಲ್ಕು ಜನ ಕೂತು ಹರಟೆ ಹೊಡೆದ ಹಾಗೆ ಇರುತ್ತಿತ್ತು.

ಈಗ ರೀಲುಗಳು ಉಳಿದುಕೊಂಡ ಕತೆಗೆ ಬರೋಣ. ಟಿವಿಯ ಆ ಮೊದಲ ವರ್ಷಗಳಲ್ಲಿ ವಿಡಿಯೋಟೇಪ್ ಇರಲೇ ಇಲ್ಲ. ಆಂಪೆಕ್ಸ್ ಕಂಪನಿ ಕೆಲಸಕ್ಕೆ ಬರುವ ಟೇಪ್ ಯಂತ್ರ ತೋರಿಸಿದ್ದು 1956ರಲ್ಲಿ. ಅದಕ್ಕೆ ಮೊದಲು ನೇರ ಪ್ರಸಾರ ಹಿಡಿದಿಡಲು ಇದ್ದದ್ದು ಕಿನೆಸ್ಕೋಪ್. ಹೆಸರು ಭಾರಿ, ಕೆಲಸ ಸರಳ: ಒಂದು ಟಿವಿ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡುವುದು. ಸಾಮಾನ್ಯವಾಗಿ 16 ಎಂಎಂ ಕಪ್ಪು-ಬಿಳುಪು ಫಿಲ್ಮ್. ಚಿತ್ರ ಮಂಕು, ಅಂಚು ಬಾಗಿರುತ್ತದೆ, ನಡುವೆ ಪಟ್ಟೆ ಹಾಯುತ್ತದೆ. ಇದನ್ನು ಯಾರೂ ಮುಂದಿನ ಪೀಳಿಗೆಗೆ ಇರಲಿ ಅಂತ ಮಾಡಲಿಲ್ಲ. ಕಾರಣ ತಂತಿ. ಪೂರ್ವ ಕರಾವಳಿಗೂ ಶಿಕಾಗೋಗೂ ಕೋಆಕ್ಸಿಯಲ್ ಕೇಬಲ್, ಅಂದರೆ ಟಿವಿ ಪ್ರಸಾರ ಊರಿಂದೂರಿಗೆ ಸಾಗಿಸುವ ತಂತಿಯ ಜೋಡಣೆ ಆದದ್ದು 1949ರ ಜನವರಿಯಲ್ಲಿ. ಆ ಜೋಡಣೆಯ ಮರುದಿನವೇ ಕುಕ್ಲಾ ತಂಡ ಪೂರ್ವದ ಊರುಗಳಲ್ಲೂ ಕಾಣಿಸಿತು. ಪಶ್ಚಿಮ ಕರಾವಳಿಗೆ ನೇರ ಸಂಪರ್ಕ ಬಂದದ್ದು 1951ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಲಾಸ್ ಏಂಜಲೀಸ್‌ನಂಥ ಊರುಗಳ ಸ್ಟೇಷನ್‌ಗಳಿಗೆ ಕಾರ್ಯಕ್ರಮ ಹೋಗಬೇಕಾದರೆ ಫಿಲ್ಮ್ ಡಬ್ಬಿಯೇ ಹೋಗಬೇಕು. ಅಂದರೆ ತಂತಿ ತಲುಪದ ಊರು ಇದ್ದದ್ದರಿಂದ ನಮಗೆ ಈ ಎಪಿಸೋಡ್‌ಗಳು ಸಿಕ್ಕಿವೆ. ಎಲ್ಲ ಕಡೆ ಒಂದೇ ದಿನ ತಂತಿ ಎಳೆದುಬಿಟ್ಟಿದ್ದರೆ ಇವತ್ತು ಚರ್ಚೆಗೆ ಏನೂ ಇರುತ್ತಿರಲಿಲ್ಲ.

ಇಲ್ಲಿ ಒಂದು ತಮಾಷೆ ನೋಡಿ. ಹಳೆಯದಾದಷ್ಟೂ ಕಳೆದಿರುವ ಸಾಧ್ಯತೆ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ. ಟಿವಿಯಲ್ಲಿ ಎಷ್ಟೋ ಸಲ ಉಲ್ಟಾ. ಫಿಲ್ಮ್ ಮೇಲೆ ಒಮ್ಮೆ ಮೂಡಿದ್ದನ್ನು ಅಳಿಸಿ ಮತ್ತೆ ಬಳಸಲು ಬರುವುದಿಲ್ಲ. ಟೇಪ್ ಹಾಗಲ್ಲ, ದುಬಾರಿ ಬೇರೆ, ಹಾಗಾಗಿ ಕಂಪನಿಗಳು ಅಳಿಸಿ ಅಳಿಸಿ ಬಳಸಿದವು. ಜಾನಿ ಕಾರ್ಸನ್ ನಡೆಸಿದ 'ಟುನೈಟ್ ಶೋ'ದ ಮೊದಲ ಹತ್ತು ವರ್ಷಗಳ ಬಹುಪಾಲು ಹೀಗೇ ಹೋಯಿತು. ಬಿಬಿಸಿಯ 'ಡಾಕ್ಟರ್ ಹೂ' 1960ರ ದಶಕದ ಎಷ್ಟೋ ಎಪಿಸೋಡ್‌ಗಳು ಇವತ್ತಿಗೂ ಇಲ್ಲ, ಸಿಕ್ಕಿದವೂ ಹೊರದೇಶಕ್ಕೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳಿಂದಲೇ ಸಿಕ್ಕಿದ್ದು. ಹಾಗಂತ ಫಿಲ್ಮ್ ಆದರೆ ಬಚಾವ್ ಅನ್ನುವ ಹಾಗೂ ಇಲ್ಲ. ಡುಮಾಂಟ್ ಅನ್ನುವ ಇಡೀ ಒಂದು ಟಿವಿ ನೆಟ್‌ವರ್ಕ್‌ನ ಕಿನೆಸ್ಕೋಪ್‌ಗಳನ್ನು 1970ರ ದಶಕದಲ್ಲಿ ಲಾರಿಗಳಲ್ಲಿ ತುಂಬಿ ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಸುರಿದರು ಅಂತ ನಟಿ ಈಡೀ ಆಡಮ್ಸ್ 1996ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಚಾರಣೆಯ ಮುಂದೆ ಹೇಳಿದ್ದರು. ಗೋದಾಮಿನ ಬಾಡಿಗೆ ಯಾರು ಕೊಡಬೇಕು ಅನ್ನುವ ತಕರಾರಿಗೆ ಸಿಕ್ಕ ಪರಿಹಾರ ಅದು. ನಮ್ಮಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದ ಪ್ರತಿಯೇ ಇಲ್ಲ, ಆದ್ದರಿಂದ ಅವರನ್ನು ಬೈಯುವ ಮೊದಲು ಸ್ವಲ್ಪ ಸುಮ್ಮನಿರುವುದು ಒಳ್ಳೆಯದು.

ಕುಕ್ಲಾ ವಿಷಯದಲ್ಲಿ ಅದೃಷ್ಟ ಅಂದರೆ ಟಿಲ್‌ಸ್ಟ್ರಾಮ್ ತನ್ನ ಪ್ರತಿಗಳನ್ನು ಇಟ್ಟುಕೊಂಡಿದ್ದ. 1985ರಲ್ಲಿ ಅವನು ತೀರಿಕೊಂಡ. ಅವನ ಗೊಂಬೆಗಳು, ಕಾಗದಪತ್ರ, ರೀಲುಗಳು ಈಗ ಶಿಕಾಗೋ ಹಿಸ್ಟರಿ ಮ್ಯೂಸಿಯಂ ಅಂತ ಕರೆಯುವ ಸಂಸ್ಥೆಯಲ್ಲಿವೆ. ಹಕ್ಕು ಮಾತ್ರ ಅವನ ಹೆಸರಿನ ಒಂದು ಟ್ರಸ್ಟ್ ಕೈಯಲ್ಲಿದೆ. ರೀಲು ಒಂದು ಕಡೆ, ಹಕ್ಕು ಇನ್ನೊಂದು ಕಡೆ. ಹಳೆಯ ಟಿವಿ ಕಾರ್ಯಕ್ರಮಗಳಲ್ಲಿ ಇದು ಮಾಮೂಲು. ಆದರೂ ಎರಡೂ ಕಡೆ ಒಂದು ವಿಳಾಸ ಇದೆಯಲ್ಲ, ಅದೇ ದೊಡ್ಡದು. ಎಷ್ಟೋ ಕಾರ್ಯಕ್ರಮಗಳಿಗೆ ಕೇಳಲು ಯಾರನ್ನು ಹುಡುಕಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಹಾಗಾದರೆ ಅವಸರ ಏನು, ರೀಲು ಕಪಾಟಿನಲ್ಲಿ ಇರುತ್ತವಲ್ಲ ಅನ್ನಬಹುದು. ಇರುವುದಿಲ್ಲ. 16 ಎಂಎಂ ಫಿಲ್ಮ್‌ನ ತಳ ಅಸಿಟೇಟ್. ಬೆಂಕಿ ಹತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್‌ಗೆ ಬದಲಾಗಿ ಬಂದ ಇದನ್ನು 'ಸೇಫ್ಟಿ ಫಿಲ್ಮ್' ಅಂತಲೇ ಕರೆದರು. ಬೆಂಕಿಯಿಂದ ಸೇಫ್, ಕಾಲದಿಂದ ಅಲ್ಲ. ಶೆಕೆ, ತೇವ ಇದ್ದರೆ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಡಬ್ಬಿ ತೆಗೆದರೆ ವಿನಿಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ಆಮ್ಲವೇ ಮತ್ತೆ ಫಿಲ್ಮನ್ನು ತಿನ್ನುತ್ತದೆ, ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಫಿಲ್ಮ್ ಕುಗ್ಗಿದರೆ ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಕೂರುವುದಿಲ್ಲ. ತಣ್ಣಗೆ, ಒಣಗಿಟ್ಟರೆ ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಜೊತೆಗೆ ಇನ್ನೊಂದು ಗಡಿಯಾರವೂ ಓಡುತ್ತಿದೆ. 1949ರಲ್ಲಿ ಐದು ವರ್ಷದ ಮಗುವಾಗಿ ಇದನ್ನು ನೋಡಿದವರಿಗೆ ಈಗ ಎಂಬತ್ತು ದಾಟಿದೆ. ಹಳೆಯ ಡಬ್ಬಿ ತೆಗೆದಾಗ ಈ ಹಾಡು ಯಾವುದು, ಈ ಜಾಹೀರಾತು ಯಾವಾಗಿನದು ಅಂತ ಹೇಳಬಲ್ಲವರು ಅವರೇ.

ಸ್ಕ್ಯಾನಿಂಗ್ ತಾಂತ್ರಿಕವಾಗಿ ಈಗ ದೊಡ್ಡ ಸಮಸ್ಯೆ ಅಲ್ಲ. ಈಗಿನ ಸ್ಕ್ಯಾನರ್‌ಗಳು ಹಲ್ಲಿನ ಚಕ್ರ ಇಲ್ಲದೆಯೂ ಫಿಲ್ಮನ್ನು ಮೆಲ್ಲಗೆ ಎಳೆದುಕೊಳ್ಳುತ್ತವೆ, ಕುಗ್ಗಿದ್ದನ್ನೂ ಓದುತ್ತವೆ. ದುಡ್ಡು ಬೇಕು, ಕೈ ಬೇಕು, ಅಷ್ಟೇ. ಆದರೆ ಸ್ಕ್ಯಾನ್ ಆದ ಮೇಲೆ ಒಂದು ಆಸೆ ಹುಟ್ಟುತ್ತದೆ: ಚೆಂದ ಮಾಡೋಣ. ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 30 ಚಿತ್ರ, ಒಂದೊಂದೂ ಎರಡು ಅರ್ಧವಾಗಿ, ಅಂದರೆ 60 ಅರ್ಧಚಿತ್ರ. ಕಿನೆಸ್ಕೋಪ್ ಫಿಲ್ಮ್‌ನಲ್ಲಿ 24 ಮಾತ್ರ. ನಡುವಿನದ್ದು ಫಿಲ್ಮ್‌ಗೆ ಬರಲೇ ಇಲ್ಲ. ಈಗ ಎಐ ಹಾಕಿ ನಡುವಿನ ಚಲನೆ ತುಂಬಿಸಬಹುದು, ಮಂಕಾದ ಮುಖಕ್ಕೆ ವಿವರ ಸೇರಿಸಬಹುದು, ಬಣ್ಣ ಬಳಿಯಲೂಬಹುದು. ನನಗೆ ಇದು ಬೇಡ. ಗೀರು, ಧೂಳು ತೆಗೆಯಿರಿ, ಧ್ವನಿಯ ಗುಂಯ್ ಅನ್ನುವ ಸದ್ದು ಇಳಿಸಿ, ಅಲ್ಲಿಗೆ ಸಾಕು. ಕುಕ್ಲಾ ಮುಖದಲ್ಲಿ ರೆಪ್ಪೆ ಇಲ್ಲ, ಬಾಯಿ ಆಡುವುದಿಲ್ಲ. ತಲೆ ಒಂಚೂರು ವಾಲಿಸಿದರೆ ಬೇಸರ, ಎರಡು ಕೈ ಜೋಡಿಸಿದರೆ ಗಾಬರಿ, ಅಷ್ಟರಲ್ಲೇ ಟಿಲ್‌ಸ್ಟ್ರಾಮ್ ಎಲ್ಲ ಹೇಳುತ್ತಿದ್ದ. ಅಂಥ ಗೊಂಬೆಯ ಮೇಲೆ ಯಂತ್ರ ಊಹಿಸಿದ ಚಲನೆ ಸೇರಿಸಿದರೆ ಅದು ಯಾರ ಅಭಿನಯ? ಬೇಕಾದವರು ತಮ್ಮ ಮನೆಯಲ್ಲಿ ಮಾಡಿಕೊಳ್ಳಲಿ. ಮೂಲ ಸ್ಕ್ಯಾನ್ ಮಾತ್ರ ಕೈ ಹಚ್ಚದೆ ಇರಬೇಕು, ಅದೇ ಮೊದಲು ಜನರಿಗೆ ಸಿಗಬೇಕು.

ಇನ್ನು ಹಕ್ಕು. ನಿಜವಾದ ಗೋಜಲು ಇಲ್ಲಿದೆ, ಸ್ವಲ್ಪ ತಾಳ್ಮೆಯಿಂದ ಓದಿ. ಅಮೆರಿಕದ ಹಳೆಯ ಕಾನೂನಿನಲ್ಲಿ 1964ಕ್ಕೆ ಮೊದಲು ಪ್ರಕಟವಾದ ಕೃತಿಗೆ 28ನೇ ವರ್ಷದಲ್ಲಿ ಹಕ್ಕು ನವೀಕರಿಸಲೇಬೇಕಿತ್ತು, ಮರೆತರೆ ಅದು ಎಲ್ಲರ ಸ್ವತ್ತು. ಇದನ್ನು ಕೇಳಿದವರು ಹಾಗಾದರೆ ಹಳೆಯ ಟಿವಿ ಎಲ್ಲ ಫ್ರೀ ಅಂದುಕೊಳ್ಳುತ್ತಾರೆ. ಆದರೆ ಟಿವಿಯಲ್ಲಿ ಪ್ರಸಾರವಾದ ಮಾತ್ರಕ್ಕೆ ಕೃತಿ 'ಪ್ರಕಟ'ವಾದಂತೆ ಆಗುವುದಿಲ್ಲ. ಲಕ್ಷಾಂತರ ಜನ ನೋಡಿದ್ದರೂ ಕಾನೂನಿನ ಕಣ್ಣಿಗೆ ಅದು ಅಪ್ರಕಟಿತ ಇರಬಹುದು! ಸ್ಟೇಷನ್‌ಗಳಿಗೆ ಕಿನೆಸ್ಕೋಪ್ ಕಳಿಸಿದ್ದು ಪ್ರಕಟಣೆ ಹೌದೋ ಅಲ್ಲವೋ ಅನ್ನುವುದು ವಕೀಲರಿಗೆ ಊಟ ಹಾಕುವ ಪ್ರಶ್ನೆ. ಕಂಪನಿ ಮಾಡಿಸಿದ ಅಪ್ರಕಟಿತ ಕೃತಿ ಅಂತ ಲೆಕ್ಕ ಹಿಡಿದರೆ ತಯಾರಾದ ದಿನದಿಂದ 120 ವರ್ಷ ಹಕ್ಕು, ಅಂದರೆ 1949ರ ಎಪಿಸೋಡ್‌ಗೆ 2069ರವರೆಗೆ. ಟಿಲ್‌ಸ್ಟ್ರಾಮ್ ಒಬ್ಬನದೇ ಕೃತಿ ಅಂದರೆ ಅವನು ಸತ್ತ ನಂತರ 70 ವರ್ಷ, 2055. 2002ರೊಳಗೆ ಮೊದಲ ಸಲ ಪ್ರಕಟ ಮಾಡಿದ್ದರೆ ಕನಿಷ್ಠ 2047. ಒಂದೇ ರೀಲಿಗೆ ಮೂರು ಉತ್ತರ. ಭಾರತದಲ್ಲಿ ಸಿನಿಮಾಕ್ಕೆ ಪ್ರಕಟಣೆಯಿಂದ 60 ವರ್ಷ ಅನ್ನುವ ನಿಯಮ ಇದೆ, ಹಾಗಾಗಿ ಒಂದೇ ರೀಲಿನ ಲೆಕ್ಕ ದೇಶದಿಂದ ದೇಶಕ್ಕೆ ಬೇರೆಯಾಗಬಹುದು.

ಕಾರ್ಯಕ್ರಮದ ಹಕ್ಕು ಟ್ರಸ್ಟ್ ಬಳಿ ಇದ್ದರೂ ಹಾಡುಗಳ ಹಕ್ಕು ಅವರ ಬಳಿ ಇಲ್ಲ. ಇದೇ ಹೆಚ್ಚು ಕಾಡುವುದು. ಗೊಂಬೆಗಳು ಹಾಡುತ್ತಿದ್ದವು. ತಂಡದ ಸ್ವಂತ ಹಾಡುಗಳ ಜೊತೆ ಆ ಕಾಲದ ಜನಪ್ರಿಯ ಹಾಡುಗಳೂ ಇದ್ದವು. ಆವತ್ತು ನೇರ ಪ್ರಸಾರಕ್ಕೆ ಸ್ಟೇಷನ್ ಕಟ್ಟಿದ ವಾರ್ಷಿಕ ಲೈಸೆನ್ಸ್ ಸಾಕಿತ್ತು. ಅದೇ ಹಾಡನ್ನು ಡಿವಿಡಿಗೆ ಹಾಕಬೇಕಾದರೆ, ಚಿತ್ರದ ಜೊತೆ ಸೇರಿಸುವ ಬೇರೆ ಪರವಾನಗಿ ಬೇಕು. ಹಾಡು ಹಾಡಿಗೂ ಬೇರೆ ಒಡೆಯ, ಬೇರೆ ರೇಟು. 1949ರಲ್ಲಿ ಅಚ್ಚಾಗಿ ನವೀಕರಣವೂ ಆದ ಹಾಡು 2044ರ ಕೊನೆಯವರೆಗೆ ಹಕ್ಕಿನಲ್ಲಿರುತ್ತದೆ. ಬೇರೆ ಸೀರಿಯಲ್‌ಗಳಲ್ಲಿ ಡಿವಿಡಿ ಮಾಡುವಾಗ ಹಿನ್ನೆಲೆ ಹಾಡು ತೆಗೆದು ಬೇರೆ ಸಂಗೀತ ಹಾಕಿದ್ದಾರೆ. 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ' ನೋಡಿದವರಿಗೆ ಗೊತ್ತು, ಅಭಿಮಾನಿಗಳು ಎಷ್ಟು ಸಿಟ್ಟಾದರು ಅಂತ. ಇಲ್ಲಿ ಆ ದಾರಿಯೂ ಇಲ್ಲ. ಪಿಯಾನೋ, ಫ್ರಾನ್ ದನಿ, ಆಲಿಯ ದನಿ ಎಲ್ಲ ಒಂದೇ ಟ್ರ್ಯಾಕಿನಲ್ಲಿ ಬೆರೆತಿವೆ. ಹಾಡೇ ದೃಶ್ಯ. ಆಲಿ ಹಾಡುತ್ತಿರುವಾಗ ಆ ಹಾಡು ತೆಗೆದರೆ ಸುಮ್ನೆ ತಲೆ ಅಲ್ಲಾಡಿಸುವ ಡ್ರ್ಯಾಗನ್ ಒಂದು ಉಳಿಯುತ್ತದೆ.

ಹೀಗಾಗಿ ಬಿಡುಗಡೆ ಮಾಡುವವರು ಏನು ಮಾಡುತ್ತಾರೆ? ಹಾಡಿನ ತಕರಾರು ಕಡಿಮೆ ಇರುವ, ಚಿತ್ರ ಚೆನ್ನಾಗಿರುವ, ಕ್ರಿಸ್ಮಸ್ ಥರದ ವಿಶೇಷ ದಿನದ ಎಪಿಸೋಡ್ ಆರಿಸುವ ಕಡೆ ವಾಲುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೂ ಸ್ಕ್ರಿಪ್ಟ್ ಇಲ್ಲದ, ದಿನಾ ಬರುವ ಕಾರ್ಯಕ್ರಮಕ್ಕೆ ಈ ಲೆಕ್ಕ ಸರಿಹೋಗುವುದಿಲ್ಲ. ಸೋಮವಾರ ಆಲಿ ಕೊಚ್ಚಿಕೊಂಡದ್ದನ್ನು ಬುಧವಾರ ಕುಕ್ಲಾ ನೆನಪಿಸುತ್ತಾನೆ. ಬ್ಯೂಲಾ ಸಿಟ್ಟು ಮಾಡಿಕೊಂಡರೆ ಅದು ಮುಂದಿನ ದಿನಕ್ಕೂ ಹೋಗುತ್ತದೆ. ಏನೂ ನಡೆಯದ, ಸಪ್ಪೆ ಎಪಿಸೋಡ್‌ಗಳೂ ಇರುತ್ತವೆ, ಅವು ಇರಲೇಬೇಕು. ಇಪ್ಪತ್ತು ಆರಿಸಿದ ಎಪಿಸೋಡ್ ನೋಡಿದ ಇವತ್ತಿನವನಿಗೆ 'ಮುದ್ದಾಗಿದೆ, ಆದರೆ ಇಷ್ಟೆಲ್ಲ ಹುಚ್ಚು ಯಾಕೆ?' ಅನ್ನಿಸಿದರೆ ತಪ್ಪು ಅವನದಲ್ಲ. ಎರಡು ವಾರ ಸಾಲಾಗಿ ಬಿಡಿ, ನೋಡಿ ಆಮೇಲೆ. 1951ರ ನವೆಂಬರ್‌ನಲ್ಲಿ ಎನ್‌ಬಿಸಿ ಇದನ್ನು ಅರ್ಧ ಗಂಟೆಯಿಂದ ಕಾಲು ಗಂಟೆಗೆ ಇಳಿಸಿದಾಗ ಜನ ಪ್ರತಿಭಟಿಸಿ ಪತ್ರಗಳ ಸುರಿಮಳೆ ಸುರಿಸಿದರು. ಯಾವ ಒಂದು ಎಪಿಸೋಡೂ ಅಂಥ ಸಿಟ್ಟು ಹುಟ್ಟಿಸುವುದಿಲ್ಲ, ರೂಢಿ ಹುಟ್ಟಿಸುತ್ತದೆ.

ಜಾಹೀರಾತಿನದೂ ಇದೇ ಮಾತು. ಆರ್‌ಸಿಎ ಸೆಟ್ಟು, ಸೀಲ್‌ಟೆಸ್ಟ್ ಐಸ್‌ಕ್ರೀಂ, ಇವನ್ನೆಲ್ಲ ಹೊಗಳುತ್ತಿದ್ದದ್ದು ಫ್ರಾನ್ ಮತ್ತು ಗೊಂಬೆಗಳೇ, ಮಾತಿನ ನಡುವೆ, ಹಾಸ್ಯ ಮಾಡಿಕೊಂಡು. ಕತ್ತರಿಸಿ ಬಿಡುಗಡೆ ಮಾಡಿದರೆ ನೀಟಾಗಿ ಕಾಣಬಹುದು, ಆದರೆ ಆ ಕಾಲದ ಟಿವಿ ಹೇಗೆ ದುಡ್ಡು ಹುಟ್ಟಿಸುತ್ತಿತ್ತು ಅನ್ನುವ ಸಾಕ್ಷಿ ಹೋಗುತ್ತದೆ. ಎಷ್ಟೋ ಸಲ ಜಾಹೀರಾತೇ ಉಳಿದದ್ದಕ್ಕಿಂತ ತಮಾಷೆ.

ಗೊಂಬೆಗಳ ಬಗ್ಗೆ ಇರುವ ಕಾಳಜಿ ರೀಲುಗಳ ಬಗ್ಗೆ ಇರುವುದಿಲ್ಲ ಅನ್ನುವುದೂ ಒಂದು ಸತ್ಯ. ಅದೇ ಕಾಲದ ಇನ್ನೊಂದು ಹೆಸರುವಾಸಿ ಕಾರ್ಯಕ್ರಮ 'ಹೌಡಿ ಡೂಡಿ'. ಅದರ ಮೂಲ ಗೊಂಬೆ ಯಾರದು ಅಂತ ಕೋರ್ಟಿನಲ್ಲಿ ದೊಡ್ಡ ಜಗಳ ನಡೆದು, 2001ರಲ್ಲಿ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಗೆದ್ದಿತು. ಗೊಂಬೆ ಕಣ್ಣಿಗೆ ಕಾಣುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು, ಪೇಪರಿನಲ್ಲಿ ಫೋಟೋ ಬರುತ್ತದೆ. ರೀಲಿನ ಡಬ್ಬಿಯ ಫೋಟೋ ಯಾರು ಹಾಕುತ್ತಾರೆ? 2009ರಲ್ಲಿ ಅಮೆರಿಕದ ಅಂಚೆ ಇಲಾಖೆ ಕುಕ್ಲಾ ತಂಡದ ಸ್ಟಾಂಪನ್ನೂ ತಂದಿತು. ಖುಷಿಯೇ. ಆದರೆ ಕೈ ಆಡದ ಗೊಂಬೆ ಅರ್ಧ ಗೊಂಬೆ.

ದುಡ್ಡು ಎಲ್ಲಿಂದ ಬರಬೇಕು ಅನ್ನುವಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. 700 ರೀಲಿನ ಡಿವಿಡಿ ಸೆಟ್ ಯಾರೂ ಕೊಳ್ಳುವುದಿಲ್ಲ, ಕೊಳ್ಳುವ ಆಸೆ ಇದ್ದವರ ವಯಸ್ಸೂ ಮೀರುತ್ತಿದೆ. ಮೊದಲು ಲಾಭ ಬರಲಿ, ಆಮೇಲೆ ಸ್ಕ್ಯಾನ್ ಅಂದರೆ ಸ್ಕ್ಯಾನ್ ಆಗುವುದೇ ಇಲ್ಲ. ಮೊದಲು ಎಲ್ಲ ಸ್ಕ್ಯಾನ್ ಆಗಲಿ, ಅದಕ್ಕೆ ಅಭಿಮಾನಿಗಳ ಚಂದಾ, ಸಂಸ್ಥೆಗಳ ಅನುದಾನ ಏನಾದರೂ ಬರಲಿ. ಹಾಡಿನ ತಕರಾರು ಇಲ್ಲದ್ದೆಲ್ಲ ತಾರೀಕಿನ ಸಾಲಿನಲ್ಲಿ ಉಚಿತವಾಗಿ ಇಂಟರ್‌ನೆಟ್‌ಗೆ ಹೋಗಲಿ. ತಕರಾರು ಇರುವುದು ಮ್ಯೂಸಿಯಂನ ಕೋಣೆಯಲ್ಲಿ ಕೂತು ನೋಡಲು ಸಿಗಲಿ, ಪಟ್ಟಿಯಲ್ಲಿ ಅದರ ತಾರೀಕು, ಹಾಡು, ಜಾಹೀರಾತು, ಯಾವ ಗೊಂಬೆ ಇತ್ತು ಅನ್ನುವುದು ದಾಖಲಾಗಲಿ. ಪಟ್ಟಿ ಮಾಡುವುದು ಬೇಜಾರಿನ ಕೆಲಸ, ಯಾರೂ ಹೊಗಳುವುದಿಲ್ಲ. ಆದರೆ ತಾರೀಕಿಲ್ಲದ ಎಪಿಸೋಡ್ ಸಾಲಿನಲ್ಲಿ ಎಲ್ಲಿ ಕೂರಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಕೆಲಸ ಬಾಕಿ ಇರುತ್ತದೆ, ಸಬ್‌ಟೈಟಲ್. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಇದನ್ನು ನೋಡುವವರಿಗೆ ಎಪ್ಪತ್ತು-ಎಂಬತ್ತು ವರ್ಷ ಹಳೆಯ ಅಮೆರಿಕನ್ ಮಾತು, ಅದೂ ಸವೆದ ಟ್ರ್ಯಾಕಿನಲ್ಲಿ, ಸುಲಭವಾಗಿ ಕಿವಿಗೆ ಬೀಳುವುದಿಲ್ಲ. ಯಂತ್ರ ತಾನೇ ಮಾಡುವ ಸಬ್‌ಟೈಟಲ್ ಇಲ್ಲಿ ಎಡವುವುದು ಖಂಡಿತ: ಒಬ್ಬನೇ ಮನುಷ್ಯ ಐದಾರು ದನಿಯಲ್ಲಿ ತನ್ನ ಮಾತಿಗೆ ತಾನೇ ಅಡ್ಡ ಬಾಯಿ ಹಾಕುತ್ತಿರುತ್ತಾನೆ. ಅದರ ಮೇಲೆ ಸೆಸಿಲ್ ಬಿಲ್ ಅನ್ನುವ ಗೊಂಬೆ ಇದೆ, ವೇದಿಕೆ ಕೆಲಸದವನು. ಅವನು ಆಡುವುದು ಅರ್ಥವಿಲ್ಲದ 'ಟೂಯಿ ಟೂಯಿ' ಭಾಷೆ. ಇದನ್ನೆಲ್ಲ ಕೂತು ಕೇಳಿ ಬರೆಯಲು ಈ ಕಾರ್ಯಕ್ರಮ ಚೆನ್ನಾಗಿ ಗೊತ್ತಿರುವ ಜನವೇ ಬೇಕು, ಅಂಥವರನ್ನು ಈಗಲೇ ಕರೆದು ಕೂರಿಸಬೇಕು.